ಮರಳು ದಿಬ್ಬದ ಮೊಲಗಳು

ಈಚೆಗೆ ಈ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾ "ಆಂಟಿ, ಫೀಲ್ಡಲ್ಲಿ ತುಂಬಾ ಕಷ್ಟ ಯಾವುದು?" ಅಂತ ಕೇಳುತ್ತಾರೆ. ಚಳಿ, ಉಣ್ಣಿ, ಮೈ ತುರಿಸುವ ಬಳ್ಳಿ, ಇವುಗಳ ಹೆಸರು ಹೇಳಲಿ ಎಂದು ಕಾಯುತ್ತಾರೆ. ಅವೆಲ್ಲ ಇದ್ದದ್ದೇ. ಒಳ್ಳೇ ಬೂಟು ಕೊಂಡುಕೊಳ್ಳಿ, ಸಂಜೆ ಮನೆಗೆ ಬಂದು ಮೈ ನೋಡಿಕೊಳ್ಳಿ, ಅಷ್ಟು ಸಾಕು. ನನಗೆ ಕಷ್ಟ ಕೊಟ್ಟದ್ದು ಯಾವುದು ಎಂದು ಹೇಳಬೇಕಾದರೆ ಡೆಟ್ರಾಯಿಟ್ ಹತ್ತಿರದ ನಾರ್ತ್‌ವಿಲ್‌ನ ಪಶ್ಚಿಮಕ್ಕಿರುವ ಒಂದು ಮರಳು ದಿಬ್ಬದ ಕಥೆ ಹೇಳಬೇಕಾಗುತ್ತದೆ. ಕಾಫಿ ಮುಗಿಯುವಷ್ಟರಲ್ಲಿ ಅದು ಮುಗಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸ ಏನೆಂದರೆ, ಉಳುಮೆ ನಿಂತು ಬಿಟ್ಟುಹೋದ ಹೊಲಗಳಲ್ಲಿ ಆ ನೆಲದಲ್ಲೇ ಹಿಂದೆ ಇದ್ದ ಗಿಡಮರಗಳು ಮತ್ತೆ ಹುಟ್ಟುವ ಹಾಗೆ ಮಾಡುವುದು. ನಾನು ಚಾಮರಾಜನಗರದ ಕಡೆಯವಳು. ಕೃಷಿ ಓದಿದವಳು. ಬೆದ್ದಲು ಅಂದರೆ ಏನು, ನೀರು ನಿಲ್ಲದ ನೆಲದಲ್ಲಿ ಒಂದು ಮೊಳಕೆ ಬೇರು ಬಿಡಲು ಎಷ್ಟು ಒದ್ದಾಡುತ್ತದೆ ಅನ್ನುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಇಲ್ಲಿಯ ಗಿಡಗಳನ್ನು ಏನು ತಿನ್ನುತ್ತದೆ, ಹೇಗೆ ತಿನ್ನುತ್ತದೆ ಅನ್ನುವುದನ್ನು ಬಂದ ಮೇಲೇ ಕಲಿಯಬೇಕಾಯಿತು.

ಕಲಿಸಿದವರು ಹ್ಯಾಂಕ್. ಆಗ ನಾವು ಶಿಕಾಗೋ ಕಡೆ, ಡೌನರ್ಸ್ ಗ್ರೋವ್‌ನಲ್ಲಿದ್ದೆವು. ಹ್ಯಾಂಕ್ ನನ್ನ ಮೊದಲ ಮೇಲಧಿಕಾರಿ. ಮಾತು ಕಡಿಮೆ, ಹೊಗಳಿಕೆ ಅದಕ್ಕಿಂತ ಕಡಿಮೆ. ಒಂದು ಬೆಳಿಗ್ಗೆ ಎಲ್ಲರೂ ಕೂತಿದ್ದಾಗ ಎರಡು ಕಡ್ಡಿ ತಂದು ನನ್ನ ಮುಂದೆ ಇಟ್ಟರು. ಎರಡೂ ಓಕ್ ಸಸಿಯ ತುದಿಗಳು. ಒಂದರ ತುದಿ ನಾರು ನಾರಾಗಿ ಹರಿದಿತ್ತು. ಇನ್ನೊಂದು ಕುಡುಗೋಲಿನಿಂದ ಓರೆಯಾಗಿ ಕೊಯ್ದ ಹಾಗಿತ್ತು.

"ಯಾವುದು ಜಿಂಕೆ, ಯಾವುದು ಮೊಲ?" ಅಂದರು.

ನನಗೆ ಗೊತ್ತಿರಲಿಲ್ಲ. ಎರಡೂ ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ.  

"ಜಿಂಕೆಗೆ ಮೇಲಿನ ಮುಂಬಲ್ಲಿಲ್ಲ, ಹಸುವಿನ ಹಾಗೆ. ಕಚ್ಚಿ ಎಳೆಯುತ್ತದೆ, ಹರಿಯುತ್ತದೆ. ಮೊಲಕ್ಕೆ ಮೇಲೂ ಇದೆ ಕೆಳಗೂ ಇದೆ. ಕತ್ತರಿಸುತ್ತದೆ. ಗಿಡ ಸತ್ತರೆ ಮಳೆಯನ್ನು ಬೈಯುವ ಮುಂಚೆ ತುದಿ ನೋಡು," ಅಂದು ಎದ್ದು ಹೋದರು.

ಅದಾದ ಮೇಲೆ ನಾನು ಯಾವ ಹೊಲಕ್ಕೆ ಹೋದರೂ ಮೊದಲು ಮಂಡಿಯೂರುತ್ತಿದ್ದೆ. ಹೊಸಬರು ಈಗ ಡ್ರೋನ್ ಹಾರಿಸಿ ಮೇಲಿಂದ ನೋಡುತ್ತಾರೆ. ಎಲ್ಲಿ ಹಸಿರಿದೆ, ಎಲ್ಲಿ ಇಲ್ಲ ಅನ್ನುವುದು ಚೆನ್ನಾಗಿ ಕಾಣುತ್ತದೆ. ಯಾಕಿಲ್ಲ ಅನ್ನುವುದು ಮಾತ್ರ ನೆಲದಿಂದ ಒಂದು ಗೇಣು ಮೇಲೇ ಕಾಣುವುದು. ಡ್ರೋನ್ ಬೇಡ ಅನ್ನುತ್ತಿಲ್ಲ. ಮಂಡಿಯನ್ನೂ ಉಪಯೋಗಿಸಿ ಅನ್ನುತ್ತಿದ್ದೇನೆ.

ನನ್ನ ಗಂಡನ ಕೆಲಸ ಡೆಟ್ರಾಯಿಟ್ ಕಡೆಗೆ ಬದಲಾದಾಗ ನಾನೂ ಲಿವೋನಿಯಾದ ಒಂದು ಭೂಸಂರಕ್ಷಣೆಯ ಆಫೀಸಿಗೆ ಬಂದೆ. ಅಲ್ಲಿ ಮುಖ್ಯಸ್ಥೆ ಕ್ಯಾರಲ್. ಹ್ಯಾಂಕ್‌ಗೆ ತದ್ವಿರುದ್ಧ. ನಗುಮುಖ, ಭುಜ ತಟ್ಟುವ ಕೈ, ಯಾವುದಕ್ಕೂ ಕಾಯುವ ತಾಳ್ಮೆ ಇಲ್ಲ. ಕೆಟ್ಟವಳಲ್ಲ. ಅವಳ ಮೇಲೂ ಒತ್ತಡ ಇತ್ತು, ಅದಕ್ಕೆ ಕಾರಣ ಆ ದಿಬ್ಬ.

ಆ ಜಮೀನನ್ನು ಒಬ್ಬ ರೈತನ ಹೆಂಡತಿ ಸಾಯುವ ಮುಂಚೆ ನಮ್ಮ ಆಫೀಸಿಗೆ ದಾನ ಕೊಟ್ಟಿದ್ದಳು. ಮರಳು ಮಣ್ಣು. ಮಳೆ ಬಿದ್ದರೆ ಜರಡಿಯಲ್ಲಿ ಇಳಿದ ಹಾಗೆ ಇಳಿದುಹೋಗುತ್ತಿತ್ತು. ಮೆಕ್ಕೆಜೋಳ ಹಾಕಿ ಹಾಕಿ ಸೋತು ಆ ಮನೆಯವರು ಹೊಲವನ್ನು ಬಿಟ್ಟಿದ್ದರು. ಆದರೆ ಹೊಲ ಆಗುವ ಮುಂಚೆ ಅದು ಓಕ್ ಮರಗಳ ಬಯಲಾಗಿತ್ತು, ಅದನ್ನು ಮತ್ತೆ ನೋಡಬೇಕು ಅನ್ನುವುದು ಆಕೆಯ ಆಸೆ. ಅದಕ್ಕೆ ಒಂದು ಷರತ್ತು ಬರೆಸಿದ್ದಳು. ಗೊತ್ತುಪಡಿಸಿದ ಅವಧಿಯೊಳಗೆ ಆ ನೆಲದ ಗಿಡಗಳು ತಾವಾಗಿಯೇ ಮರುಹುಟ್ಟು ಪಡೆಯುತ್ತಿವೆ ಎಂದು ಹೊರಗಿನ ತಜ್ಞರೊಬ್ಬರು ಒಪ್ಪಬೇಕು. ಒಪ್ಪದಿದ್ದರೆ ಜಮೀನು ದೂರದ ಸಂಬಂಧಿಕರಿಗೆ ಹೋಗುತ್ತದೆ. ಅವರು ಅದನ್ನು ಮಾರಿ ಮನೆಗಳ ಬಡಾವಣೆ, ಇಲ್ಲಿಯ ಮಾತಲ್ಲಿ ಸಬ್‌ಡಿವಿಷನ್ ಮಾಡಿಸಲು ತುದಿಗಾಲಲ್ಲಿ ನಿಂತಿದ್ದರು.

ನಾವು ಬೀಜ ಹಾಕಿದೆವು. ಅದಕ್ಕೂ ಮುಂಚೆ ಕಳೆ ಸುಡುವಷ್ಟು ಹದವಾಗಿ ಬೆಂಕಿ ಕೊಟ್ಟಿದ್ದೆವು. ಕಾಡು ಲುಪಿನ್ ಎಂಬ ನೀಲಿ ಹೂವಿನ ಗಿಡ, ಓಕ್, ಒಣ ನೆಲದ ಹುಲ್ಲು, ಎಲ್ಲ ಮೊಳೆತವು. ಮೊಳೆತದ್ದು ಉಳಿಯಲಿಲ್ಲ. ಎರಡನೇ ವರ್ಷವೂ ಅದೇ. ಬರ ಅಂದರು ಕೆಲವರು. ಹಳೇ ಕಳೆನಾಶಕದ ವಿಷ ಮಣ್ಣಲ್ಲಿ ಉಳಿದಿದೆ ಅಂದರು ಇನ್ನು ಕೆಲವರು. ನಾನು ಮಂಡಿಯೂರಿ ನೋಡಿದೆ. ತುದಿಗಳೆಲ್ಲ ಓರೆಯಾಗಿ, ನೀಟಾಗಿ ಕತ್ತರಿಸಿದ್ದವು. ಸುತ್ತ ಕಡಲೆಕಾಳಿನಂಥ ಹಿಕ್ಕೆ.

ಮೊಲ ಅಂದ ತಕ್ಷಣ ಕ್ಯಾರಲ್, "ಮೊಲ ಎಲ್ಲ ಕಡೆ ಇದೆಯಲ್ಲ ವಿಜಯಾ, ನಮ್ಮ ಹಿತ್ತಲಲ್ಲೂ ಇದೆ," ಅಂದಳು. ನಿಜ. ಇಲ್ಲಿಯ ಕಂದು ಬಣ್ಣದ ಕಾಡುಮೊಲ ಈ ನೆಲದ್ದೇ, ಓಕ್ ಮರದಷ್ಟೇ ಹಳೆಯದು. ಅದು ಸ್ವಲ್ಪ ತಿನ್ನುತ್ತದೆ, ಸ್ವಲ್ಪ ಬಿಡುತ್ತದೆ. ಅದರ ಬೆನ್ನ ಹಿಂದೆ ನರಿ, ಗಿಡುಗ ಇರುತ್ತವೆ. ಇಲ್ಲಿ ತಿಂದದ್ದು ಹಾಗಿರಲಿಲ್ಲ. ಕುರಿಮಂದೆ ನುಗ್ಗಿದ ಹಾಗೆ ಬೋಳಿಸಿತ್ತು.

ನಮ್ಮ ತಂಡದಲ್ಲಿ ಲೂಯಿಸ್ ಎಂಬ ಕೆಲಸಗಾರನಿದ್ದ, ಬೇಲಿ ಹಾಕುವುದರಲ್ಲಿ ಪಳಗಿದವನು. ಅವನೂ ನಾನೂ ದಿಬ್ಬದ ಮೇಲಿನ ಪಾಳು ಕೊಟ್ಟಿಗೆಯ ಹತ್ತಿರ ಹೋದೆವು. ಕಲ್ಲಿನ ಅಡಿಪಾಯದ ಸುತ್ತ ಬಿಲಗಳು. ಒಂದರ ಪಕ್ಕ ಒಂದು, ಮರಳನ್ನು ಕೆದರಿ ಹೊರಗೆ ರಾಶಿ ಹಾಕಿದ್ದವು. ಈ ನೆಲದ ಕಾಡುಮೊಲ ಬಿಲ ತೋಡುವುದಿಲ್ಲ. ಹುಲ್ಲಲ್ಲಿ ಗುಳಿ ಮಾಡಿಕೊಂಡು ಮಲಗುತ್ತದೆ. ಬಿಲ ತೋಡಿ ಊರು ಕಟ್ಟುವುದು ಯುರೋಪಿನ ಮೊಲ. ಪೆಟ್ ಅಂಗಡಿಯಲ್ಲಿ ಮಾರುವ ಸಾಕುಮೊಲಗಳೆಲ್ಲ ಅದರ ವಂಶವೇ. ನೋಡುತ್ತಾ ನಿಂತಾಗಲೇ ಒಂದು ಬಿಲದಿಂದ ಬಿಳಿ ಮೈ, ಕರಿ ಕಿವಿಯ ಮೊಲವೊಂದು ಹೊರಗೆ ಬಂತು. ಓಡಲಿಲ್ಲ. ನನ್ನ ಬೂಟನ್ನು ಮೂಸಿತು.

ಲೂಯಿಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಇದಕ್ಕೆ ಯಾರೋ ಊಟ ಹಾಕ್ತಿದ್ದಾರೆ," ಅಂದ.

ಈಸ್ಟರ್ ಹಬ್ಬಕ್ಕೆ ಮಕ್ಕಳಿಗೆ ಮೊಲದ ಮರಿ ತಂದುಕೊಡುವುದು, ಬೇಸಿಗೆಯ ಹೊತ್ತಿಗೆ ಬೇಸರ ಬಂದು ಊರ ಹೊರಗೆ ಬಿಟ್ಟುಬರುವುದು, ಇದು ಇಲ್ಲಿ ಹೊಸದಲ್ಲ. ಬಿಟ್ಟವರು ಯಾರು ಎಂದು ನಮಗೆ ಕೊನೆಗೂ ತಿಳಿಯಲಿಲ್ಲ. ಸಾಮಾನ್ಯವಾಗಿ ಇಂಥ ಮೊಲಗಳು ಚಳಿಗಾಲ ದಾಟುವುದಿಲ್ಲ. ಇವು ದಾಟಿದ್ದವು. ತಲೆಯ ಮೇಲೆ ಕೊಟ್ಟಿಗೆ ಇತ್ತು, ಎದುರಿಗೆ ಪ್ರತಿದಿನ ಕ್ಯಾರೆಟ್, ಕೊತ್ತಂಬರಿ, ಎಲೆಕೋಸು ತಂದು ಸುರಿಯುವ ಕೈಗಳಿದ್ದವು.

ಆ ಹೊತ್ತಿಗೆ ಆದ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಆಫೀಸಿಗೆ ಹಣ ಕೊಡುವ ದಾನಿಗಳ ಗುಂಪೊಂದು ಜಾಗ ನೋಡಲು ಬರುವುದಿತ್ತು. ಅಷ್ಟರೊಳಗೆ ಬೀಜ ಹಾಕಿದ ಜಾಗದ ಸುತ್ತ ಬೇಲಿ ಆಗಬೇಕು ಅಂತ ಕ್ಯಾರಲ್ ಹಟ ಹಿಡಿದಳು. ಮೊದಲು ಬಿಲಗಳೆಲ್ಲ ಎಲ್ಲೆಲ್ಲಿ ತೆರೆಯುತ್ತವೆ ನೋಡೋಣ ಅಂದರೆ ಕೇಳಲಿಲ್ಲ. ಲೂಯಿಸ್ ತಂತಿಬಲೆಯನ್ನು ಮಣ್ಣೊಳಗೆ ಮೊಳದುದ್ದ ಹೂತು, ಹೊರಗಡೆಗೆ ಮಡಚಿ, ಗಟ್ಟಿಯಾಗಿ ಬೇಲಿ ಹಾಕಿದ. ಚಂದದ ಬೇಲಿ. ಬಂದ ದಾನಿಗಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಮಾರನೇ ವಾರ ಹೋಗಿ ನೋಡಿದರೆ ಬೇಲಿಯ ಒಳಗೆ ಒಂದು ಹಸಿರೆಲೆ ಇಲ್ಲ. ಎರಡು ಬಿಲಗಳ ಬಾಯಿ ಬೇಲಿಯ ಒಳಗೇ ಇತ್ತು. ಮೊಲಗಳನ್ನು ಊಟದ ಮನೆಯಲ್ಲಿ ಕೂಡಿಹಾಕಿ, ನರಿಯಿಂದಲೂ ಕಾಪಾಡಿ, ಬಾಗಿಲು ಹಾಕಿಕೊಂಡು ಬಂದಿದ್ದೆವು.

ಕ್ಯಾರಲ್ ಆ ದಿನ ನಗಲಿಲ್ಲ. ಷರತ್ತಿನ ಅವಧಿ ಮುಗಿಯುತ್ತಾ ಬರುತ್ತಿತ್ತು. "ಹಿಮ ಬೀಳುವ ಮುಂಚೆ ಒಂದೂ ಇರಬಾರದು," ಅಂದಳು.

ದಿಬ್ಬದ ಕೆಳಗೇ ಒಂದು ಸಬ್‌ಡಿವಿಷನ್. ಅಲ್ಲಿ ನಮ್ಮವರ ಮನೆಗಳೂ ಬೇಕಾದಷ್ಟು. ಮೊಲಗಳಿಗೆ ಊಟ ಹಾಕುವವರ ಮುಂದಾಳು ಶಾಂತಕ್ಕ, ವಿಜಯಪುರದವರು. ಅವರ ಯಜಮಾನರು ಡಾಕ್ಟರ್ ಪಾಟೀಲರು, ನಿವೃತ್ತ ಹೃದಯತಜ್ಞರು, ಆ ಸಬ್‌ಡಿವಿಷನ್ ಸಂಘದ ಅಧ್ಯಕ್ಷರು. ಅವರ ಮನೆಯಲ್ಲಿ ನಾನು ಎಷ್ಟೋ ಸಲ ಜೋಳದ ರೊಟ್ಟಿ ತಿಂದಿದ್ದೆ. ನಾವು ಮೊಲಗಳನ್ನು ತೆಗೆಯುತ್ತೇವೆ ಎಂಬ ಸುದ್ದಿ ಹಬ್ಬಿದ ದಿನವೇ ಡಾಕ್ಟರು ಫೋನ್ ಮಾಡಿದರು.

"ವಿಜಯಾ ಅವರ, ನೀವು ನಮ್ಮವರು ಅಂತ ಕೇಳಾಕತ್ತೀನಿ. ಯಾವುದೋ ಎರಡು ಎಲಿ ಸಲುವಾಗಿ ಇಷ್ಟು ಜೀವ ತಗೀತೀರಿ?"

"ತೆಗೆಯೋ ಮಾತೇ ಇನ್ನೂ ಆಗಿಲ್ಲ ಸರ್. ಜೀವಂತ ಹಿಡೀಬೇಕು ಅಂತಿದ್ದೀವಿ."

"ಹಿಡದು ಎಲ್ಲಿ ಇಡ್ತೀರಿ?"

 ಸುತ್ತಲಿನ ಅನಾಥ ಪ್ರಾಣಿಗಳ ಆಶ್ರಯಗಳಿಗೆಲ್ಲ ಫೋನ್ ಮಾಡಿದ್ದೆ. ಬಹುತೇಕ ಭರ್ತಿ. ಕೆಲವರು ಒಂದಷ್ಟು ತಗೊಳ್ಳುತ್ತೇವೆ ಅಂದಿದ್ದರು. ಆ ಮೊಲಗಳಲ್ಲಿ ಕಾಯಿಲೆಯವೂ ಇದ್ದವು, ದವಡೆಯಲ್ಲಿ ಕೀವು ತುಂಬಿ ಮೇವು ಅಗಿಯಲಾಗದವು. ಅಂಥವನ್ನು ಯಾರೂ ಮನೆಗೆ ಒಯ್ಯುವುದಿಲ್ಲ.

ನಾವು ಇಟ್ಟ ಬೋನುಗಳನ್ನು ಯಾರೋ ತೆಗೆದು ಬಾಗಿಲು ಬಗ್ಗಿಸಿ ಹಾಕಿದರು. ಲೂಯಿಸ್‌ನ ಟ್ರಕ್ಕಿನ ಗಾಜಿನ ಮೇಲೆ ಕೆಂಪು ಬಣ್ಣದಲ್ಲಿ ಕೊಲೆಗಾರ ಅಂತ ಬರೆದಿತ್ತು. ಇಂಟರ್ನೆಟ್ಟಿನಲ್ಲಿ ಮೊಲಗಳನ್ನು ಉಳಿಸಿ ಎಂಬ ಮನವಿಗೆ ಸಹಿ ಸಂಗ್ರಹ ಶುರುವಾಯಿತು. ನನ್ನ ಮಗಳು ಅನನ್ಯಾ ಆಗ ಕಾಲೇಜಿನಲ್ಲಿದ್ದಳು. ವಾರಾಂತ್ಯಕ್ಕೆ ಮನೆಗೆ ಬಂದವಳು ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಹೇಳಿದಳು.

"ಅಮ್ಮಾ, ಐ ಸೈನ್ಡ್ ಇಟ್."

"ಏನು?"

"ದ ಪೆಟಿಷನ್. ಐ ಥಾಟ್ ಯು ಶುಡ್ ಹಿಯರ್ ಇಟ್ ಫ್ರಮ್ ಮಿ."

ನಾನು ಸಾರು ಬಡಿಸುತ್ತಿದ್ದೆ. ಬಡಿಸಿ ಮುಗಿಸಿದೆ.  ಹುಟ್ಟಿದಾಗಿನಿಂದ ಮಾಂಸ ಮುಟ್ಟದ ಮನೆಯವಳು ನಾನು. ಸೊಳ್ಳೆ ಹೊಡೆದರೂ ಅಜ್ಜಿ ಗದರುತ್ತಿದ್ದಳು. ನನಗೆ ಆ ಮೊಲಗಳ ಮೇಲೆ ದ್ವೇಷವಿಲ್ಲ ಎಂದು ಯಾರಿಗೆ ಹೇಳಬೇಕಿತ್ತು?

ಊರ ಹಾಲ್‌ನಲ್ಲಿ ಸಾರ್ವಜನಿಕರ ಸಭೆ ಕರೆದರು. ಒಳಗೆ ಹೋಗುವ ಮುಂಚೆ ಕ್ಯಾರಲ್ ನನ್ನನ್ನು ಪಕ್ಕಕ್ಕೆ ಕರೆದು, "ಎಲ್ಲ ಮೊಲಗಳಿಗೂ ಮನೆ ಸಿಗುತ್ತದೆ ಅಂತ ಹೇಳು. ಒಂದೇ ವಾಕ್ಯ. ಜನ ಸಮಾಧಾನವಾಗಿ ಮನೆಗೆ ಹೋಗ್ತಾರೆ," ಅಂದಳು.

"ಸಿಗೋದಿಲ್ಲ ಕ್ಯಾರಲ್. ನಿನಗೂ ಗೊತ್ತು."

"ಸಿಗಬಹುದು. ಸಿಗೋದಿಲ್ಲ ಅಂತ ನಿನಗೇನು ಖಾತ್ರಿ?"

ಹಾಲ್ ತುಂಬಿತ್ತು. ಗೋಡೆಗೆ ಒರಗಿ ನಿಂತವರೂ ಇದ್ದರು. ಮೊದಲ ಸಾಲಿನಲ್ಲಿ ಪಾಟೀಲರು, ಅವರ ಪಕ್ಕದಲ್ಲಿ ಶಾಲು ಹೊದ್ದ ಶಾಂತಕ್ಕ. ನಾನು ಬಿಲಗಳ ಚಿತ್ರ ತೋರಿಸಿದೆ, ಕತ್ತರಿಸಿದ ತುದಿಗಳನ್ನು ತೋರಿಸಿದೆ. ಈ ಮೊಲಗಳಿದ್ದರೆ ಇಲ್ಲಿಯ ಗಿಡ ಬರುವುದಿಲ್ಲ, ಗಿಡ ಬರದಿದ್ದರೆ ಈ ನೆಲವೂ ಉಳಿಯುವುದಿಲ್ಲ ಎಂದೆ. ಯಾರೂ ಗಿಡದ ಮಾತು ಕೇಳಿಸಿಕೊಳ್ಳಲು ಬಂದಿರಲಿಲ್ಲ. ಡಾಕ್ಟರು ಎದ್ದು ನಿಂತರು. ಇಂಗ್ಲಿಷಿನಲ್ಲಿ, ಆಪರೇಷನ್ ಕೋಣೆಯಲ್ಲಿ ಮಾತಾಡುವಷ್ಟೇ ಶಾಂತವಾಗಿ ಕೇಳಿದರು.

"ನೀವು ಹಿಡಿಯುವ ಮೊಲಗಳಲ್ಲಿ ಒಂದೂ ಸಾಯುವುದಿಲ್ಲ ಎಂದು ಈ ಸಭೆಗೆ ಮಾತು ಕೊಡುತ್ತೀರಾ?"

ಕ್ಯಾರಲ್ ನನ್ನ ಕಡೆ ನೋಡುತ್ತಿದ್ದಳು. ನಾನು ಮೈಕನ್ನು ಬಾಯಿಗೆ ಹತ್ತಿರ ತಂದೆ. 

"ಇಲ್ಲ," ಅಂದೆ. "ಆ ಮಾತು ಕೊಡಲಾರೆ. ಆರೋಗ್ಯವಾಗಿರುವ ಎಲ್ಲದಕ್ಕೂ ಮನೆ ಹುಡುಕುತ್ತೇನೆ. ಕಾಯಿಲೆ ಇರುವವನ್ನು ಪಶುವೈದ್ಯರು ನೋಡುತ್ತಾರೆ. ಅದರಲ್ಲಿ ಕೆಲವನ್ನು ಸಾಯಿಸಬೇಕಾಗುತ್ತದೆ."

 ಎಲ್ಲರೂ ಒಟ್ಟಿಗೆ ಕಿರುಚಿದರು. ಯಾರೋ ಕಾಗದದ ಕಾಫಿ ಲೋಟ ಎಸೆದರು, ಅದು ನನ್ನ ಕಾಲ ಬಳಿ ಬಿತ್ತು. ಒಬ್ಬ ಹೆಂಗಸು ಅಳುತ್ತಾ ಹೊರಗೆ ಹೋದಳು. ಶಾಂತಕ್ಕ ಮಾತ್ರ ಕದಲದೆ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಏನಿತ್ತು ಎಂದು ನನಗೆ ಆಗ ಗೊತ್ತಾಗಲಿಲ್ಲ.

ಪಾರ್ಕಿಂಗ್ ಲಾಟ್‌ನಲ್ಲಿ ಕ್ಯಾರಲ್, "ನಾಳೆಯಿಂದ ಇದು ನಿನ್ನ ಕೆಲಸ ಅಲ್ಲ," ಅಂದಳು. ಸಿಟ್ಟಿಗಿಂತ ಹೆಚ್ಚಾಗಿ ದಣಿವಿತ್ತು ಅವಳ ದನಿಯಲ್ಲಿ. "ಗುಂಡು ಹಾಕುವ ಗುತ್ತಿಗೆದಾರರನ್ನು ಕರೆಸ್ತೀನಿ. ಮೊದಲ ಹಿಮದ ಮುಂಚೆ ಮುಗಿಸಿ ಹೋಗ್ತಾರೆ."

ಅಲ್ಲಿಂದ ಮುಂದಿನ ಕೆಲವು ವಾರ ಆಫೀಸಿನಲ್ಲಿ ಬೀಜದ ಚೀಲಗಳನ್ನು ವಿಂಗಡಿಸುತ್ತಾ ಕೂತೆ. ಅನನ್ಯಾ ಸಭೆಯ ವಿಡಿಯೋ ನೋಡಿ ಮೆಸೇಜ್ ಕಳಿಸಿದ್ದಳು. ನನ್ನ ಹೆಸರು ಪೆಟಿಷನ್ನಿನಲ್ಲೇ ಇರುತ್ತದೆ, ಆದರೆ ನೀನು ಸುಳ್ಳು ಹೇಳದೇ ಇದ್ದದ್ದು ಒಳ್ಳೆಯದಾಯಿತು ಅಂತ ಅದರ ಅರ್ಥ. ಅದನ್ನು ಎಷ್ಟು ಸಲ ಓದಿದೆನೋ. ಇಲ್ಲಿಯ ನಮ್ಮವರೆಲ್ಲ ಸೇರುವ ದೀಪಾವಳಿ ಊಟಕ್ಕೆ ಹೋದಾಗ ನಾನು ಕೂತ ಟೇಬಲ್ಲಿಗೆ ಯಾರೂ ಬರಲಿಲ್ಲ. ನಾನು ತಂದ ಬಿಸಿಬೇಳೆಬಾತ್ ಪಾತ್ರೆ ಮುಚ್ಚಳ ತೆಗೆಯದೆ ಹಾಗೇ ಮನೆಗೆ ವಾಪಸ್ ಬಂತು.

ಗುತ್ತಿಗೆದಾರರು ಬರುವ ವಾರ ಹವಾಮಾನದವರು ಹಿಮದ ಮುನ್ಸೂಚನೆ ಕೊಟ್ಟಿದ್ದರು. ಅದೇ ವಾರದ ಮೊದಲಲ್ಲಿ ಒಂದು ಮಧ್ಯಾಹ್ನ ಬಾಗಿಲ ಗಂಟೆ ಆಯಿತು. ಶಾಂತಕ್ಕ ಒಬ್ಬರೇ ನಿಂತಿದ್ದರು. ಒಳಗೆ ಬನ್ನಿ ಅಂದರೆ ಬಂದರು, ಕೂರಲಿಲ್ಲ.

"ತಂಗಿ, ಗುಂಡ ಹಾಕೋರು ಬರೋದು ಖರೇ ಏನು?"

"ಹೌದು ಶಾಂತಕ್ಕ."

"ಗುಂಡ ಬಿದ್ದ ಎಲ್ಲಾವೂ ಒಂದ ಏಟಿಗೆ ಸಾಯ್ತಾವೇನು?"

"ಎಲ್ಲ ಸಾಯಲ್ಲ. ಕೆಲವು ಗಾಯ ಆಗಿ ಬಿಲದೊಳಕ್ಕೆ ಹೋಗಿಬಿಡ್ತವೆ."

ಅವರು ಕಿಟಕಿಯ ಹೊರಗೆ ನೋಡಿದರು. "ಅವತ್ತು ಅಷ್ಟು ಮಂದಿ ಮುಂದ ನೀ ಸುಳ್ಳ ಹೇಳಬಹುದಿತ್ತು. ಹೇಳಲಿಲ್ಲ. ಅದಕ ಬಂದೀನಿ. ನಿಮ್ಮ ಬೋನಿಗೆ ಅವು ಬೀಳಂಗಿಲ್ಲ. ನಾ ಕರದ್ರ ಬರ್ತಾವ. ಸ್ಟೀಲ್ ತಾಟಿಗೆ ಚಮಚಾ ಬಡದ್ರ ಸಾಕು, ಎಲ್ಲಿದ್ರೂ ಓಡಿ ಬರ್ತಾವ. ನಾ ಕರೀತೀನಿ. ನೀ ಹಿಡಿ."

"ಪಾಟೀಲ್ ಸರ್‌ಗೆ ಗೊತ್ತಾ?"

"ಇಲ್ಲ. ಅದು ನನ್ನ ಪಾಲಿಗಿರಲಿ."

ಕ್ಯಾರಲ್‌ಗೆ ಫೋನ್ ಮಾಡಿದೆ.  "ಗುತ್ತಿಗೆದಾರರು ಶನಿವಾರ ಬರ್ತಾರೆ. ಅವರನ್ನು ನಿಲ್ಲಿಸೋದಿಲ್ಲ. ಅಷ್ಟರೊಳಗೆ ಏನು ಮಾಡ್ತೀಯೋ ಮಾಡು," ಅಂದಳು. ಆಮೇಲೆ ಅವಳೇ ಲಿವೋನಿಯಾದಲ್ಲಿ ಖಾಲಿ ಬಿದ್ದಿದ್ದ ಒಂದು ಗೋದಾಮನ್ನು ಮೊಲಗಳಿಗಾಗಿ ಮಾತಾಡಿ ಕೊಡಿಸಿದಳು. ಅದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ.

ಲೂಯಿಸ್ ಕೊಟ್ಟಿಗೆಯ ಮುಂದೆ ತಂತಿಬಲೆಯ ದೊಡ್ಡ ಆವರಣ ಮಾಡಿದ. ಒಂದೇ ಬಾಗಿಲು, ಮೇಲಿಂದ ಕೆಳಗೆ ಇಳಿಯುವಂಥದ್ದು. ಅದರ ಹಗ್ಗ ನನ್ನ ಕೈಯಲ್ಲಿ. ಬೆಳಿಗ್ಗೆ ಒಮ್ಮೆ, ಸಂಜೆ ಬೆಳಕು ಇಳಿಯುವ ಹೊತ್ತಿಗೆ ಒಮ್ಮೆ, ಶಾಂತಕ್ಕ ಆವರಣದ ಒಳಗೆ ಮಣೆ ಹಾಕಿ ಕೂರುತ್ತಿದ್ದರು. ತಟ್ಟೆಗೆ ಚಮಚ ಬಡಿಯುತ್ತಿದ್ದರು. "ಬರ್ರೀ, ನನ್ನವ್ವಗೋಳ, ಬರ್ರೀ," ಅನ್ನುತ್ತಿದ್ದರು. ಮೊಲಗಳು ಬರುತ್ತಿದ್ದವು. ಬಿಳಿಯವು, ಬೂದಿ ಬಣ್ಣದವು, ಕಪ್ಪು ಮಚ್ಚೆಯವು. ಅವರ ಸೀರೆಯ ನೆರಿಗೆಯ ಮೇಲೆ ಮುಂಗಾಲಿಟ್ಟು ಕೊತ್ತಂಬರಿ ತಿನ್ನುತ್ತಿದ್ದವು. ಅವರು ನನ್ನ ಕಡೆ ನೋಡಿ ತಲೆ ಆಡಿಸಿದ ಕೂಡಲೇ ನಾನು ಹಗ್ಗ ಬಿಡಬೇಕು. ಬಾಗಿಲು ದಢ್ ಎಂದು ಬಿದ್ದಾಗ ಮೊಲಗಳು ಬೆಚ್ಚಿ ತಂತಿಗೆ ಹಾರುತ್ತಿದ್ದವು. ಆಮೇಲೆ ಅವರ ಮಡಿಲಿಗೇ ಬಂದು ಅವಿತುಕೊಳ್ಳುತ್ತಿದ್ದವು. ಅದನ್ನು ನೋಡುವುದೇ ಕಷ್ಟವಾಗುತ್ತಿತ್ತು. ಅವರು ಒಂದೊಂದನ್ನೇ ಎತ್ತಿ ಲೂಯಿಸ್ ಹಿಡಿದ ಪೆಟ್ಟಿಗೆಗೆ ಹಾಕುತ್ತಿದ್ದರು. ಮುಖದ ಮೇಲೆ ಕಣ್ಣೀರು ಇಳಿಯುತ್ತಿದ್ದರೂ ಕೈ ನಿಲ್ಲಿಸುತ್ತಿರಲಿಲ್ಲ.

ಶುಕ್ರವಾರ ಸಂಜೆ ಆಕಾಶ ಬೂದಿಯಾಗಿತ್ತು. ಗಾಳಿಯಲ್ಲಿ ಹಿಮದ ವಾಸನೆ. ಉಳಿದಿದ್ದವು ಬಹಳ ಚುರುಕಾದ, ಹೆದರುವ ಮೊಲಗಳು. ಮೂರು ದಿನದಿಂದ ದೂರವೇ ನಿಂತು ನೋಡುತ್ತಿದ್ದವು. ಅವತ್ತು ಹಸಿವಿಗೆ ಹತ್ತಿರ ಬಂದಿದ್ದವು. ಬಾಗಿಲ ಹೊಸ್ತಿಲಲ್ಲಿ ನಿಂತು ಮೂಗು ಕುಣಿಸುತ್ತಿದ್ದವು. ಆಗ ದಿಬ್ಬದ ಕೆಳಗಿನಿಂದ ಒಬ್ಬರು ಹತ್ತಿ ಬರುವುದು ಕಂಡಿತು. ಡಾಕ್ಟರ್ ಪಾಟೀಲರು. ಕೋಟಿನ ಗುಂಡಿ ಹಾಕಿರಲಿಲ್ಲ.

ತಂತಿಬಲೆಯ ಹೊರಗೆ, ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತರು. ಒಳಗೆ ಹೆಂಡತಿ, ಅವರ ಕೈಯಲ್ಲಿ ತಟ್ಟೆ. ಲೂಯಿಸ್‌ನ ಪಕ್ಕದ ಪೆಟ್ಟಿಗೆಗಳು. ನನ್ನ ಕೈಯಲ್ಲಿ ಹಗ್ಗ. ಎಲ್ಲ ಅರ್ಥವಾಗಿರಬೇಕು.

"ಶಾಂತಾ," ಅಂದರು ಮೆಲ್ಲಗೆ. "ಏನ ಮಾಡಾಕತ್ತೀ?"

ಮೊಲಗಳ ಕಿವಿ ನಿಮಿರಿದವು. ಅವರು ಒಂದು ಚಪ್ಪಾಳೆ ತಟ್ಟಿದರೆ ಸಾಕಿತ್ತು, ಎಲ್ಲವೂ ಬಿಲ ಸೇರುತ್ತಿದ್ದವು. ಬೆಳಗಾದರೆ ಬಂದೂಕಿನವರು. ನಾನು ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

ಶಾಂತಕ್ಕ ತಿರುಗಲಿಲ್ಲ. ಮೊಲಗಳನ್ನೇ ನೋಡುತ್ತಾ, ಅವಕ್ಕೇ ಹೇಳುವ ಹಾಗೆ ಹೇಳಿದರು. "ನಾನು ಊಟ ಹಾಕಿ ಬೆಳಿಸೀನಿ. ನಾನು ಹಾಕಿದ್ದಕ್ಕ ಇಷ್ಟ ಆಗ್ಯಾವ. ಮಂದಿ ಗುಂಡಿಗೆ ಬಿಟ್ಟು ಮನ್ಯಾಗ ಹೆಂಗ ಕೂಡಲಿ? ನೀವು ಚೀರಬ್ಯಾಡ್ರಿ. ಅಷ್ಟ ಮಾಡ್ರಿ."

ಡಾಕ್ಟರ ಕೈ ಮೇಲೆದ್ದಿತ್ತು. ಅದು ಹಾಗೇ ನಿಂತಿತು. ನಾನು ಅವರ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದೆ. ಆ ಕೈ ನಿಧಾನವಾಗಿ ಕೆಳಗಿಳಿದು ಕೋಟಿನ ಜೇಬಿಗೆ ಹೋಯಿತು. ಶಾಂತಕ್ಕ ಮತ್ತೆ ತಟ್ಟೆ ಬಡಿದರು. ಮೊಲಗಳು ಒಂದೊಂದಾಗಿ ಹೊಸ್ತಿಲು ದಾಟಿದವು. ಶಾಂತಕ್ಕನ ತಲೆ ಆಡಿತು. ನಾನು ಹಗ್ಗ ಬಿಟ್ಟೆ.

ತಿರುಗಿ ನೋಡುವಷ್ಟರಲ್ಲಿ ಡಾಕ್ಟರು ದಿಬ್ಬ ಇಳಿಯುತ್ತಿದ್ದರು. ಮೇಲಿಂದ ಹಿಮದ ಮೊದಲ ಎಸಳುಗಳು ಬೀಳತೊಡಗಿದ್ದವು.

ಬೆಳಿಗ್ಗೆ ಬಂದ ಗುತ್ತಿಗೆದಾರರು ಹೊಸ ಹಿಮದ ಮೇಲೆ ಹೆಜ್ಜೆ ಗುರುತು ಹುಡುಕಿ, ಬಿಲಗಳೊಳಗೆ ಕ್ಯಾಮೆರಾ ಇಳಿಸಿ ನೋಡಿ, ಏನೂ ಸಿಗದೆ ವಾಪಸ್ ಹೋದರು. ಗೋದಾಮಿನಲ್ಲಿ ಪಶುವೈದ್ಯರು ಎಲ್ಲವನ್ನೂ ಪರೀಕ್ಷೆ ಮಾಡಿದರು. ಆ ಚಳಿಗಾಲ ಪೂರ್ತಿ ಮನೆ ಹುಡುಕಿದೆವು. ಆರೋಗ್ಯವಾಗಿದ್ದವಕ್ಕೆಲ್ಲ ಸಿಕ್ಕಿತು. ಮನವಿಗೆ ಸಹಿ ಹಾಕಿದವರಲ್ಲೇ ಎಷ್ಟೋ ಜನ ಬಂದು ತೆಗೆದುಕೊಂಡು ಹೋದರು. ವಾಸಿಯಾಗದವನ್ನು ಸೂಜಿ ಕೊಟ್ಟು ಮಲಗಿಸಬೇಕಾಯಿತು. ಆ ದಿನ ನೀವು ಬರುವುದು ಬೇಡ ಎಂದು ಶಾಂತಕ್ಕನಿಗೆ ಹೇಳಿದ್ದೆ. ಅವರು ಬಂದರು. ಪ್ರತಿಯೊಂದನ್ನೂ ತಾವೇ ಹಿಡಿದುಕೊಂಡರು. ಆಮೇಲೆ ನನ್ನ ಕಾರಿನಲ್ಲೇ ಮನೆಗೆ ಹೋದರು. ಇಳಿಯುವಾಗ ನನ್ನ ಕೈ ಒಮ್ಮೆ ಒತ್ತಿ ಹಿಡಿದರು.

ಹೊಸಬರಿಗೆ ಇಲ್ಲಿ ಒಂದು ಮಾತು. ಮೊಲಗಳನ್ನು ತೆಗೆದುಹಾಕಿದ ಕೂಡಲೇ ಗಿಡ ಬರುತ್ತದೆ ಎಂದು ತಿಳಿಯಬೇಡಿ. ಮುಂದಿನ ವಸಂತದಲ್ಲಿ ದಿಬ್ಬ ಮೊದಲಿನಷ್ಟೇ ಬೋಳಾಗಿತ್ತು. ಕ್ಯಾರಲ್ ದಿನಾ ಬಂದು ನೋಡಿ ಹೋಗುತ್ತಿದ್ದಳು. ಇಷ್ಟೆಲ್ಲ ಮಾಡಿ ನೆಲವೇ ಸತ್ತುಹೋಗಿದ್ದರೆ ಎಂಬ ಹೆದರಿಕೆ ನನ್ನನ್ನು ಬೇಸಿಗೆಯುದ್ದಕ್ಕೂ ತಿಂದಿತು. ಮೊಲ ತಿಂದು ತಿಂದು ಬೇರು ಸೊರಗಿದ ಗಿಡಕ್ಕೆ ಒಂದು ವರ್ಷ ಮಣ್ಣೊಳಗೇ ಸುಧಾರಿಸಿಕೊಳ್ಳುವ ಕೆಲಸವಿರುತ್ತದೆ. ಮರುವರ್ಷ ಲುಪಿನ್ ಎದ್ದಿತು. ಅದರ ನಡುವೆ ಯಾರೂ ನೆಡದ ಓಕ್ ಮೊಳಕೆಗಳು, ಬೇಲಿಸಾಲಿನ ಹಳೆಯ ಮರಗಳಿಂದ ಹಕ್ಕಿಗಳು ಒಯ್ದು ಹೂತಿಟ್ಟು ಮರೆತ ಕಾಯಿಗಳಿಂದ ಹುಟ್ಟಿದವು.

ಷರತ್ತಿನ ಅವಧಿ ಮುಗಿಯುವ ವರ್ಷ ಹೊರಗಿನ ತಜ್ಞರು ಬಂದರು. ಇಡೀ ದಿನ ದಿಬ್ಬ ಸುತ್ತಿದರು. ಹೋಗುವಾಗ ಕ್ಯಾರಲ್‌ಗೆ, "ಇದು ಬದುಕಿದೆ," ಎಂದರು. ಕ್ಯಾರಲ್ ನನ್ನನ್ನು ತಬ್ಬಿಕೊಂಡು ಅತ್ತಳು. ನಾನು ಅಳಲಿಲ್ಲ. ಪಾಟೀಲರ ಮನೆಯ ಚಾವಣಿ ದಿಬ್ಬದ ಮೇಲಿಂದ ಕಾಣುತ್ತಿತ್ತು. ಆ ಶುಕ್ರವಾರದಿಂದ ಡಾಕ್ಟರು ನನ್ನ ಜೊತೆ ಮಾತು ಬಿಟ್ಟಿದ್ದರು. ಸಭೆ ಸಮಾರಂಭಗಳಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ಹೋಗುತ್ತಿದ್ದರು.

ನಾನು ನಿವೃತ್ತಳಾಗುವ ವರ್ಷದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ದಿಬ್ಬದ ಗೇಟಿನ ಬಳಿ ಅವರ ಕಾರು ನಿಂತಿತ್ತು. ಪಕ್ಕದಲ್ಲೇ ನಿಂತಿದ್ದ ಅವರ ಕೈಗೆ ಊರುಗೋಲು ಬಂದಿತ್ತು. ನನ್ನನ್ನು ನೋಡಿ ಪಕ್ಕಕ್ಕೆ ಸರಿಯಲಿಲ್ಲ.

"ಶಾಂತಾ ಇಲ್ಲಿ ಕೂತು ಅತ್ತಾಳ," ಅಂದರು. "ಮನ್ಯಾಗೂ ಭಾಳ ದಿನ ಅತ್ತಾಳ. ಅದಕ್ಕ ಏನ ಬಂತು ನೋಡಬೇಕಂತ ಬಂದೀನಿ. ತೋರಸ್ರಿ."

 ನಾನು ಮುಂದೆ ನಡೆದೆ, ಅವರು ಹಿಂದೆ ಬಂದರು. ಲುಪಿನ್ ಹೂ ಮುಗಿದು ಕಾಯಿ ಸಿಡಿಯುವ ಕಾಲ. ಬಿಸಿಲಿಗೆ ಟಪ್ ಟಪ್ ಎಂದು ಸದ್ದಾಗುತ್ತಿತ್ತು. ದಿಬ್ಬದ ನೆತ್ತಿಯಲ್ಲಿ ಓಕ್ ಸಸಿಗಳು ಮಂಡಿಯೆತ್ತರಕ್ಕೆ ಬಂದಿದ್ದವು, ಅವುಗಳ ಬುಡದಲ್ಲಿ ಆ ವರ್ಷದ ಮೊಳಕೆಗಳು, ಎರಡೆರಡೇ ಎಲೆಯವು. ಅವರು ಊರುಗೋಲನ್ನು ನನ್ನ ಕೈಗೆ ಕೊಟ್ಟು, ಕಷ್ಟಪಟ್ಟು ಬಗ್ಗಿ, ಒಂದು ಎಲೆಯನ್ನು ಎರಡು ಬೆರಳ ನಡುವೆ ಹಿಡಿದುಕೊಂಡರು. ನಾಡಿ ನೋಡುವಾಗ ಹಿಡಿಯುವ ಹಾಗೆ, ಒತ್ತದೆ. ಬಹಳ ಹೊತ್ತು ಹಾಗೇ ಇದ್ದರು. 

ವಾಪಸ್ ಹೊರಟಾಗ ನಾನು ತೋಳು ಕೊಡಲು ಹೋದೆ. ಬೇಡ ಎಂದು ಕೈ ಆಡಿಸಿದರು. ಇಳಿಜಾರಿನಲ್ಲಿ ನಿಂತು ನಿಂತು, ಮೊದಲು ಊರುಗೋಲಿನ ತುದಿಗೆ ಖಾಲಿ ಜಾಗ ಹುಡುಕಿ, ಆಮೇಲೆ ಪಾದಕ್ಕೆ ಹುಡುಕಿ, ಒಂದು ಮೊಳಕೆಯೂ ತುಳಿಯದ ಹಾಗೆ ಗೇಟಿನವರೆಗೂ ನಡೆದರು.